515 ಎಂದರೆ ಎಷ್ಟಕ್ಕೆ? ನ್ಯೂಯಾರ್ಕಿನ ವಿಶೇಷ ಪ್ರೌಢಶಾಲೆಗಳ ಪ್ರವೇಶ ಪರೀಕ್ಷೆಯ ಸ್ಕೋರ್ ಓದುವ ಬಗೆ

ಪ್ರಶ್ನೆ: ನಾವು ಹಾಸನದ ಕಡೆಯವರು, ಹನ್ನೊಂದು ವರ್ಷಗಳಿಂದ ನ್ಯೂಯಾರ್ಕ್ ನಗರದ ಕ್ವೀನ್ಸ್‌ನಲ್ಲಿದ್ದೇವೆ. ಏಳನೆಯ ತರಗತಿ ಮುಗಿಸಿರುವ ಮಗ 2026ರ ಶರತ್ಕಾಲದಲ್ಲಿ ಇಲ್ಲಿನ ವಿಶೇಷ ಪ್ರೌಢಶಾಲೆಗಳ ಪ್ರವೇಶ ಪರೀಕ್ಷೆಯಾದ ಎಸ್‌ಎಚ್‌ಎಸ್‌ಎಟಿ ಬರೆಯಲಿದ್ದಾನೆ. ಕೋಚಿಂಗ್ ಸೆಂಟರಿನ ಮಾಕ್ ಟೆಸ್ಟ್‌ನಲ್ಲಿ ಅವನಿಗೆ ಇಂಗ್ಲಿಷ್‌ನಲ್ಲಿ 36, ಗಣಿತದಲ್ಲಿ 42, ಒಟ್ಟು 94ಕ್ಕೆ 78 ಸರಿ ಬಂದಿವೆ. ಅವರು ಕೊಟ್ಟ ಸ್ಕೋರ್ 515. ಅದೇ ದಿನ ಬರೆದ ಅವನ ತರಗತಿಯ ಹುಡುಗಿಗೆ ಇಂಗ್ಲಿಷ್‌ನಲ್ಲಿ 33, ಗಣಿತದಲ್ಲಿ 45. ಅವಳಿಗೂ ಒಟ್ಟು 78, ಆದರೆ ಸ್ಕೋರ್ 534. ಇದು ಹೇಗೆ? 515 ಎಂದರೆ ಎಷ್ಟಕ್ಕೆ 515? ಊರಿನಿಂದ ಅತ್ತೆಯವರು ಎಷ್ಟು ಪರ್ಸೆಂಟ್ ಎಂದು ಕೇಳಿದರೆ ಏನು ಹೇಳಬೇಕೋ ತಿಳಿಯುತ್ತಿಲ್ಲ. ಸ್ಟೈವೆಸೆಂಟ್‌ ಶಾಲೆಗೆ 560 ಬೇಕೆನ್ನುತ್ತಾರೆ. ಅಷ್ಟು ಬರುವ ಭರವಸೆ ಇಲ್ಲದಿರುವಾಗ ಅದನ್ನು ಮೊದಲ ಆಯ್ಕೆಯಾಗಿ ಬರೆದು ಬೇರೆ ಶಾಲೆಯ ಅವಕಾಶವನ್ನೂ ಕಳೆದುಕೊಳ್ಳುವುದು ಬೇಡ ಎನ್ನುವುದು ನಮ್ಮ ಯಜಮಾನರ ಅಭಿಪ್ರಾಯ. ಸೆಂಟರಿನವರ ಪರಿವರ್ತನಾ ಪಟ್ಟಿಯ ಪ್ರತಿಯನ್ನು ಜೊತೆಗಿಟ್ಟಿದ್ದೇನೆ.

ಉತ್ತರ: ನಿಮ್ಮ ಮಗನ ಸ್ಕೋರಿನಲ್ಲಾಗಲೀ ಆ ಹುಡುಗಿಯ ಸ್ಕೋರಿನಲ್ಲಾಗಲೀ ಲೆಕ್ಕದ ತಪ್ಪಿಲ್ಲ. ಎಷ್ಟಕ್ಕೆ 515 ಎಂಬ ಪ್ರಶ್ನೆಗೆ ಮಾತ್ರ ನೀವು ನಿರೀಕ್ಷಿಸುವಂಥ ಉತ್ತರವಿಲ್ಲ. ಎರಡು ವಿಭಾಗಗಳೂ ಸೇರಿ ಗರಿಷ್ಠ ಸ್ಕೋರ್ 700ರ ಆಸುಪಾಸಿನಲ್ಲಿರುತ್ತದೆ ಎಂಬುದು ನಿಜ; ಆದರೆ 515ನ್ನು 700ರಿಂದ ಭಾಗಿಸಿ ಶೇಕಡಾ ಸುಮಾರು 74 ಎಂದು ಓದುವುದು ಥರ್ಮಾಮೀಟರಿನ 100 ಡಿಗ್ರಿಯನ್ನು ನೂರಕ್ಕೆ ನೂರು ಎಂದು ಓದಿದ ಹಾಗೆ. ಈ ಸಂಖ್ಯೆ ಒಂದು ಅಳತೆಗೋಲಿನ ಮೇಲೆ ಮಗು ನಿಂತಿರುವ ಜಾಗವನ್ನು ಹೇಳುತ್ತದೆಯೇ ಹೊರತು, ಒಟ್ಟು ಅಂಕಗಳಲ್ಲಿ ಗಳಿಸಿದ ಪಾಲನ್ನು ಹೇಳುವುದಿಲ್ಲ. ಆ ಅಳತೆಗೋಲು ಹೇಗೆ ತಯಾರಾಗುತ್ತದೆ ಎಂಬುದು ತಿಳಿದರೆ ನಿಮ್ಮ ಮೊದಲ ಗೊಂದಲವೂ, ಆ ಗೋಲಿನ ಮೇಲೆ ಕಟ್ ಆಫ್ ಗೆರೆ ಎಲ್ಲಿಂದ ಬರುತ್ತದೆ ಎಂಬುದು ತಿಳಿದರೆ ನಿಮ್ಮ ಯಜಮಾನರ ಆತಂಕವೂ ಪರಿಹಾರವಾಗುತ್ತವೆ.

ಈ ಒಂದು ಸಂಖ್ಯೆಗೆ ಇಷ್ಟೊಂದು ಮಹತ್ವ ಬಂದಿರುವುದಕ್ಕೆ ಒಂದು ಕಾನೂನು ಕಾರಣ. 1971ರಲ್ಲಿ ನ್ಯೂಯಾರ್ಕ್ ರಾಜ್ಯದ ಶಾಸನಸಭೆ ಅಂಗೀಕರಿಸಿದ ಹೆಕ್ಟ್–ಕಲಾಂಡ್ರಾ ಕಾಯ್ದೆಯ ಪ್ರಕಾರ ಸ್ಟೈವೆಸೆಂಟ್, ಬ್ರಾಂಕ್ಸ್ ಸೈನ್ಸ್ ಮತ್ತು ಬ್ರೂಕ್ಲಿನ್ ಟೆಕ್ ಶಾಲೆಗಳ ಪ್ರವೇಶ ಒಂದೇ ಒಂದು ಸ್ಪರ್ಧಾತ್ಮಕ ಪರೀಕ್ಷೆಯ ಆಧಾರದ ಮೇಲೆ ನಡೆಯಬೇಕು. ಮುಂದೆ ನಗರಾಡಳಿತ ಇನ್ನೂ ಐದು ಶಾಲೆಗಳನ್ನು ಇದೇ ಪಟ್ಟಿಗೆ ಸೇರಿಸಿತು: ಸಿಟಿ ಕಾಲೇಜಿನ ಆವರಣದ ಗಣಿತ, ವಿಜ್ಞಾನ ಮತ್ತು ಎಂಜಿನಿಯರಿಂಗ್ ಶಾಲೆ, ಲೀಮನ್ ಕಾಲೇಜಿನ ಅಮೆರಿಕನ್ ಸ್ಟಡೀಸ್ ಶಾಲೆ, ನಿಮ್ಮ ಕ್ವೀನ್ಸ್‌ನಲ್ಲೇ ಯಾರ್ಕ್ ಕಾಲೇಜಿನಲ್ಲಿರುವ ವಿಜ್ಞಾನ ಶಾಲೆ, ಸ್ಟೇಟನ್ ಐಲೆಂಡ್ ಟೆಕ್ ಮತ್ತು ಬ್ರೂಕ್ಲಿನ್ ಲ್ಯಾಟಿನ್. ಒಂಬತ್ತನೆಯದಾದ ಲಗ್ವಾರ್ಡಿಯಾ ಕಲಾಶಾಲೆಗೆ ಈ ಪರೀಕ್ಷೆ ಇಲ್ಲ. ಉಳಿದ ಎಂಟರಲ್ಲೂ ಮಗುವಿನ ಶಾಲಾ ಅಂಕಗಳು, ಹಾಜರಾತಿ, ಶಿಕ್ಷಕರ ಶಿಫಾರಸು, ಸಂದರ್ಶನ ಯಾವುದೂ ಲೆಕ್ಕಕ್ಕೆ ಬರುವುದಿಲ್ಲ. ನಮ್ಮ ಸಿಇಟಿಯಲ್ಲಿ ಎಂಜಿನಿಯರಿಂಗ್ ರ್‍ಯಾಂಕಿಗೆ ಪಿಯುಸಿಯ ಅಂಕಗಳನ್ನು ಅರ್ಧಭಾಗವಾಗಿ ಸೇರಿಸುತ್ತಾರಲ್ಲ, ಅಂಥ ಆಸರೆ ಇಲ್ಲಿಲ್ಲ. ಈ ಪದ್ಧತಿ ನ್ಯಾಯವೇ ಎಂಬ ವಾದ ನಗರದಲ್ಲಿ ದಶಕಗಳಿಂದ ನಡೆದಿದೆ. 2018ರಲ್ಲಿ ಆಗಿನ ಮೇಯರ್ ಬಿಲ್ ಡಿ ಬ್ಲಾಸಿಯೊ ಪರೀಕ್ಷೆಯನ್ನೇ ಕೈಬಿಡುವ ಪ್ರಸ್ತಾಪ ತಂದರೂ ಶಾಸನಸಭೆ ಒಪ್ಪಲಿಲ್ಲ. ಆ ಚರ್ಚೆ ಪ್ರತ್ಯೇಕವಾಗಿಯೇ ಆಗಬೇಕಾದದ್ದು.

ಈಗ ಪ್ರಶ್ನೆಪತ್ರಿಕೆಗೆ ಬರೋಣ. ಇದುವರೆಗಿನ ಸ್ವರೂಪದಲ್ಲಿ ಇಂಗ್ಲಿಷ್‌ಗೆ 57, ಗಣಿತಕ್ಕೆ 57, ಒಟ್ಟು 114 ಪ್ರಶ್ನೆಗಳು; ಸಮಯ 180 ನಿಮಿಷ. ನೀವು ಒಟ್ಟು 94 ಎಂದು ಬರೆದಿರುವುದೂ ಸರಿಯೇ. ಏಕೆಂದರೆ ಪ್ರತಿ ವಿಭಾಗದ 57ರಲ್ಲಿ 10 ಪ್ರಶ್ನೆಗಳು ಲೆಕ್ಕಕ್ಕಿಲ್ಲ. ಅವು ಮುಂದಿನ ಪತ್ರಿಕೆಗಳಿಗಾಗಿ ಪ್ರಯೋಗವಾಗಿ ಹಾಕಿ ನೋಡುತ್ತಿರುವ ಪ್ರಶ್ನೆಗಳು. ಯಾವ ಹತ್ತು ಎಂಬುದು ಬರೆಯುವ ಮಗುವಿಗೆ ಗೊತ್ತಾಗುವುದಿಲ್ಲವಾದ್ದರಿಂದ ಎಲ್ಲವನ್ನೂ ಒಂದೇ ಶ್ರದ್ಧೆಯಿಂದ ಬಿಡಿಸಬೇಕು. ಆದರೆ ವಿಪರೀತ ವಿಚಿತ್ರವಾದ ಪ್ರಶ್ನೆಯೊಂದು ಎದುರಾದರೆ ಅದು ಆ ಹತ್ತರಲ್ಲೊಂದು ಇರಬಹುದೆಂದುಕೊಂಡು ಗಾಬರಿಯಾಗದೆ ಮುಂದಕ್ಕೆ ಹೋಗಬಹುದು. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಈ ವಿಷಯದಲ್ಲಿ ಇದು ಜೆಇಇಯಂತಲ್ಲ, ನಮ್ಮ ಸಿಇಟಿಯಂತೆ. ಹಾಗಾಗಿ ಯಾವ ಪ್ರಶ್ನೆಯನ್ನೂ ಖಾಲಿ ಬಿಟ್ಟು ಏಳಬಾರದು.

ಸರಿಯಾದ ಉತ್ತರಗಳ ಸಂಖ್ಯೆ, ಅಂದರೆ ಕಚ್ಚಾ ಅಂಕ, ಪ್ರತಿ ವಿಭಾಗಕ್ಕೆ 0ಯಿಂದ 47ರವರೆಗೆ ಇರುತ್ತದೆ. ಅದನ್ನು ಹಾಗೆಯೇ ಬಳಸದೆ ಪರಿವರ್ತಿಸುವುದಕ್ಕೆ ಮೊದಲ ಕಾರಣ, ಎಲ್ಲ ಮಕ್ಕಳೂ ಒಂದೇ ಪತ್ರಿಕೆ ಬರೆಯುವುದಿಲ್ಲ ಎಂಬುದು. ಪತ್ರಿಕೆಗೆ ಹಲವು ಆವೃತ್ತಿಗಳಿರುತ್ತವೆ, ಮತ್ತು ಎಷ್ಟೇ ಎಚ್ಚರ ವಹಿಸಿದರೂ ಎರಡು ಆವೃತ್ತಿಗಳ ಕಾಠಿಣ್ಯ ಕೂದಲೆಳೆಯಷ್ಟಾದರೂ ಬೇರೆಯಾಗಿಯೇ ಇರುತ್ತದೆ. ಹಿಂದಿನ ಕಾಲದಲ್ಲಿ ಒಂದೊಂದು ಸೀಮೆಯ ಸೇರು ಒಂದೊಂದು ಅಳತೆಯದಾಗಿತ್ತು. ಎರಡು ಸಂತೆಗಳಲ್ಲಿ ಹತ್ತು ಹತ್ತು ಸೇರು ರಾಗಿ ಅಳೆಸಿಕೊಂಡ ಇಬ್ಬರು ಮನೆಗೆ ಹೊತ್ತು ತಂದದ್ದು ಒಂದೇ ತೂಕವೆಂದು ಹೇಳುವಂತಿರಲಿಲ್ಲ. ಎರಡನ್ನೂ ಕಿಲೋಗೆ ತಂದ ಮೇಲೆಯೇ ಹೋಲಿಕೆ. ಕಠಿಣವಾದ ಆವೃತ್ತಿಯಲ್ಲಿ 39 ಸರಿ ಬಂದ ಮಗುವಿಗೂ ತುಸು ಸುಲಭವಾದ ಆವೃತ್ತಿಯಲ್ಲಿ 40 ಸರಿ ಬಂದ ಮಗುವಿಗೂ ಒಂದೇ ಸ್ಕೋರ್ ಬರುವುದು ಈ ಕಾರಣಕ್ಕೆ. ಜೆಇಇ ಮೇನ್ ಪರೀಕ್ಷೆಯಲ್ಲಿ ಬೇರೆ ಬೇರೆ ಪಾಳಿಗಳ ಅಂಕಗಳನ್ನು ಪರ್ಸೆಂಟೈಲ್‌ಗೆ ತಿರುಗಿಸುವುದರ ಉದ್ದೇಶವೂ ಇದೇ, ವಿಧಾನ ಮಾತ್ರ ಬೇರೆ. ಪ್ರತಿ ಆವೃತ್ತಿಗೂ ಅದರದೇ ಪರಿವರ್ತನೆ ಇರುವುದರಿಂದ ನೀವು ಕಳುಹಿಸಿದ ಪಟ್ಟಿ ಆ ಕೇಂದ್ರದವರ ಅಂದಾಜು ಎಂದಷ್ಟೇ ತಿಳಿಯಿರಿ. ಶಿಕ್ಷಣ ಇಲಾಖೆ ಹೊರಡಿಸಿದ್ದಲ್ಲ. ಆದರೂ ತತ್ವವನ್ನು ವಿವರಿಸಲು ಅದು ಸಾಕು, ಆದ್ದರಿಂದ ಅದನ್ನೇ ಓದುತ್ತೇನೆ.

ಆ ಪಟ್ಟಿಯಲ್ಲಿ 30 ಸರಿಯುತ್ತರಗಳಿಗೆ 221 ಎಂದಿದೆ, 33ಕ್ಕೆ 231, 36ಕ್ಕೆ 242. ಅಂದರೆ ಈ ಭಾಗದಲ್ಲಿ ಒಂದು ಪ್ರಶ್ನೆಗೆ ಮೂರೂವರೆ ಅಂಕದಷ್ಟು ಏರಿಕೆ. ಮುಂದೆ 40ಕ್ಕೆ 260, 42ಕ್ಕೆ 273, 44ಕ್ಕೆ 290. ಇಲ್ಲಿ ಒಂದು ಪ್ರಶ್ನೆಗೆ ಆರೂವರೆಯಿಂದ ಎಂಟೂವರೆ. ಕೊನೆಯ ಸಾಲುಗಳನ್ನು ನೋಡಿ: 45ಕ್ಕೆ 303, 46ಕ್ಕೆ 320, 47ಕ್ಕೆ 345. ಕಟ್ಟಕಡೆಯ ಒಂದೇ ಪ್ರಶ್ನೆಗೆ 25 ಅಂಕ. ನಿಮ್ಮ ಮಗನದು 242 ಮತ್ತು 273, ಕೂಡಿದರೆ 515. ಆ ಹುಡುಗಿಯದು 231 ಮತ್ತು 303, ಕೂಡಿದರೆ 534. ಅವಳು ಇಂಗ್ಲಿಷ್‌ನಲ್ಲಿ ಇವನಿಗಿಂತ ಮೂರು ಪ್ರಶ್ನೆ ಹಿಂದೆ ಬಿದ್ದು ಕಳೆದುಕೊಂಡದ್ದು 11 ಅಂಕ, ಗಣಿತದಲ್ಲಿ ಮೂರು ಪ್ರಶ್ನೆ ಮುಂದೆ ಹೋಗಿ ಗಳಿಸಿದ್ದು 30. ಆ 19ರ ಅಂತರ ಹುಟ್ಟಿದ್ದು ಇಷ್ಟರಲ್ಲೇ.

ಮೆಟ್ಟಿಲುಗಳು ಹೀಗೆ ಏಕೆ ಅಸಮವಾಗಿವೆ? ನೀರು ತುಂಬುವ ಕೊಡವೊಂದನ್ನು ಕಣ್ಣ ಮುಂದೆ ತಂದುಕೊಳ್ಳಿ. ಕೊಡದ ಹೊಟ್ಟೆ ಅಗಲವಾಗಿರುವಲ್ಲಿ ಒಂದು ಚೊಂಬು ನೀರು ಹಾಕಿದರೆ ಮಟ್ಟ ಒಂದೆರಡು ಬೆರಳಷ್ಟು ಏರುತ್ತದೆ. ಕಂಠಕ್ಕೆ ಬಂದ ಮೇಲೆ ಅದೇ ಒಂದು ಚೊಂಬಿಗೆ ಮಟ್ಟ ಸರ್ರನೆ ಮೇಲೇರುತ್ತದೆ. ಸರಿಯುತ್ತರಗಳ ಸಂಖ್ಯೆ ಹಾಕಿದ ಚೊಂಬುಗಳ ಲೆಕ್ಕ; ಸ್ಕೋರ್ ನೀರಿನ ಮಟ್ಟದ ಲೆಕ್ಕ. ಪತ್ರಿಕೆಯಲ್ಲಿ ನಡುಮಟ್ಟದ ಪ್ರಶ್ನೆಗಳು ಹೆಚ್ಚು, ಆದ್ದರಿಂದ ಸಾಮರ್ಥ್ಯ ತುಸು ಹೆಚ್ಚಿದರೂ ಅಲ್ಲಿ ನಾಲ್ಕಾರು ಪ್ರಶ್ನೆಗಳು ಒಟ್ಟಿಗೆ ಕೈಗೆ ಬರುತ್ತವೆ. ಒಂದೊಂದಕ್ಕೂ ಬೆಲೆ ಕಡಿಮೆ. ತುದಿಯಲ್ಲಿ ಉಳಿಯುವುದು ಮೂರೋ ನಾಲ್ಕೋ ಅತಿ ಕಠಿಣ ಪ್ರಶ್ನೆಗಳು. ಅವುಗಳಲ್ಲಿ ಇನ್ನೊಂದನ್ನು ಬಿಡಿಸಲು ಸಾಮರ್ಥ್ಯ ಬಹಳ ಹೆಚ್ಚಬೇಕು ಎಂಬ ಲೆಕ್ಕದ ಮೇಲೆ ಅದಕ್ಕೆ ಬೆಲೆಯೂ ಹೆಚ್ಚು. ಇದರ ಹಿಂದಿರುವ ಗಣಿತ ಪರೀಕ್ಷಾಶಾಸ್ತ್ರದಲ್ಲಿ ಒಪ್ಪಿತವಾದದ್ದೇ.

ಒಪ್ಪಿತವಾದದ್ದು ಎಂದ ಮಾತ್ರಕ್ಕೆ ಆಕ್ಷೇಪಕ್ಕೆ ಹೊರತಾದದ್ದೇನಲ್ಲ. ಎರಡೂ ವಿಷಯಗಳಲ್ಲಿ ಸಮಾನವಾಗಿ ಚೆನ್ನಾಗಿರುವ ಮಗುವಿಗಿಂತ ಒಂದರಲ್ಲಿ ಅಸಾಧಾರಣವಾಗಿ, ಇನ್ನೊಂದರಲ್ಲಿ ಸಾಧಾರಣವಾಗಿ ಮಾಡಿದ ಮಗು ಮುಂದೆ ಹೋಗುವ ಈ ವಿಚಿತ್ರವನ್ನು ನ್ಯೂಯಾರ್ಕಿನಲ್ಲಿ ಇಪ್ಪತ್ತು ವರ್ಷಗಳಿಂದ ಹಲವರು ಎತ್ತಿ ತೋರಿಸಿದ್ದಾರೆ. ಅದೇ ಪಟ್ಟಿಯಲ್ಲಿ ಇನ್ನೊಂದು ಲೆಕ್ಕ ಹಾಕಿ. ಎರಡರಲ್ಲೂ 40 ಸರಿ ಬಂದ ಮಗುವಿಗೆ 520. ಒಂದರಲ್ಲಿ 47, ಇನ್ನೊಂದರಲ್ಲಿ 33 ಬಂದ ಮಗುವಿಗೆ 576. ಇಬ್ಬರಿಗೂ ಒಟ್ಟು 80 ಸರಿ. ಮೊದಲನೆಯ ಮಗುವಿಗೆ ಸ್ಟೈವೆಸೆಂಟ್ ಸಿಗುವುದಿಲ್ಲ, ಎರಡನೆಯದಕ್ಕೆ ಸಿಗುತ್ತದೆ. ನನ್ನ ಅಭಿಪ್ರಾಯ ಕೇಳಿದರೆ, ತುದಿಯ ಒಂದು ಪ್ರಶ್ನೆಗೆ 25 ಅಂಕ ಕೊಡುವುದು ಅಳತೆಯ ಶಾಸ್ತ್ರಕ್ಕೆ ಸರಿಯೆನಿಸಿದರೂ ಸೀಟು ಹಂಚುವ ಕೆಲಸಕ್ಕೆ ಅಷ್ಟು ಹೊಂದುವುದಿಲ್ಲ. ಏಕೆಂದರೆ ಪ್ರಶ್ನೆಗಳು ವಿರಳವಾಗಿರುವ ಆ ತುದಿಯಲ್ಲಿಯೇ ಅಳತೆ ಅತ್ಯಂತ ಅನಿಶ್ಚಿತವಾಗಿರುವುದು. ಒಂದು ಅಜಾಗರೂಕ ಗುರುತಿನಿಂದ 47 ಹೋಗಿ 46 ಆದರೆ ಮಗುವಿನ ಬುದ್ಧಿ 25 ಅಂಕದಷ್ಟು ಕಡಿಮೆಯಾಯಿತೆಂದು ಯಾರೂ ಹೇಳಲಾರರು.

ಇದನ್ನು ಓದಿದ ಕೂಡಲೇ ಹಲವು ತಂದೆತಾಯಿಗಳು ಹೊರಡುವ ತೀರ್ಮಾನವೊಂದಿದೆ: ಹಾಗಾದರೆ ಇಂಗ್ಲಿಷ್ ಬಿಟ್ಟು ಗಣಿತವನ್ನೇ ಉಜ್ಜಿಸೋಣ ಎಂದು. ಆ ಅವಸರ ಬೇಡ. ನಿಮ್ಮ ಮಗ ಗಣಿತದಲ್ಲಿ 42ರಿಂದ 44ಕ್ಕೆ ಹೋದರೆ ಪಟ್ಟಿಯ ಪ್ರಕಾರ 17 ಅಂಕ ಹೆಚ್ಚುತ್ತದೆ. ಇಂಗ್ಲಿಷ್‌ನಲ್ಲಿ 36ರಿಂದ 40ಕ್ಕೆ ಹೋದರೆ 18. ಅಂದರೆ ಅವನಿಗೆ ಸದ್ಯ ಬಗೆಹರಿಯದೆ ಉಳಿದಿರುವ ಅತಿ ಕಠಿಣವಾದ ಎರಡು ಗಣಿತದ ಪ್ರಶ್ನೆಗಳಿಗೂ, ಸ್ವಲ್ಪ ಗಮನವಿಟ್ಟು ಓದಿದ್ದರೆ ಬರಬಹುದಾಗಿದ್ದ ನಾಲ್ಕು ಇಂಗ್ಲಿಷ್ ಪ್ರಶ್ನೆಗಳಿಗೂ ಬೆಲೆ ಹೆಚ್ಚುಕಡಿಮೆ ಒಂದೇ. ಯಾವುದು ಸುಲಭ ಎಂಬುದನ್ನು ಅವನ ತಪ್ಪುಗಳನ್ನು ಮುಂದಿಟ್ಟುಕೊಂಡು ನೋಡಿಯೇ ಹೇಳಬೇಕು. ತಪ್ಪಾದ 11 ಇಂಗ್ಲಿಷ್ ಪ್ರಶ್ನೆಗಳಲ್ಲಿ ವಾಕ್ಯ ತಿದ್ದುವ ಭಾಗದವೆಷ್ಟು, ಗದ್ಯ ಓದಿ ಉತ್ತರಿಸುವ ಭಾಗದವೆಷ್ಟು, ಸಮಯ ಸಾಲದೆ ಕಣ್ಣುಮುಚ್ಚಿ ಗುರುತು ಹಾಕಿದವೆಷ್ಟು ಎಂದು ಒಂದು ಸಂಜೆ ಅವನ ಜೊತೆ ಕುಳಿತು ಬೇರ್ಪಡಿಸಿ. 515 ಎಂಬ ಸಂಖ್ಯೆಯಲ್ಲಿ ಆ ಮಾಹಿತಿ ಇಲ್ಲ, ಉತ್ತರ ಹಾಳೆಯಲ್ಲಿದೆ.

ಇನ್ನು ಕಟ್ ಆಫ್. ಸ್ಟೈವೆಸೆಂಟ್‌ಗೆ 560 ಬೇಕು ಎಂಬ ಮಾತನ್ನು ಕೇಳಿದಾಗ ಶಾಲೆಯವರು ಕುಳಿತು ಗೊತ್ತುಮಾಡಿದ ಪಾಸ್ ಮಾರ್ಕ್ಸ್ ಅದು ಎಂದು ತೋರುತ್ತದೆ. ಹಾಗಲ್ಲ. ನಿಮ್ಮ ಯಜಮಾನರು ಕರ್ನಾಟಕದಲ್ಲಿ ಸಿಇಟಿ ಬರೆದವರಾಗಿದ್ದರೆ ಈ ವಿಷಯ ಅವರಿಗೆ ಆಗಲೇ ಗೊತ್ತು, ಹೆಸರು ಮಾತ್ರ ಬೇರೆ. ಕರ್ನಾಟಕ ಪರೀಕ್ಷಾ ಪ್ರಾಧಿಕಾರ ಸೀಟು ಹಂಚುವಾಗ ಮೊದಲ ರ್‍ಯಾಂಕಿನ ವಿದ್ಯಾರ್ಥಿಯ ಆಪ್ಷನ್ ಪಟ್ಟಿಯನ್ನು ಮೊದಲು ತೆಗೆದು, ಅವನು ಕೇಳಿದ್ದನ್ನು ಕೊಟ್ಟು, ಆಮೇಲೆ ಎರಡನೆಯ ರ್‍ಯಾಂಕಿನವನತ್ತ ಬರುತ್ತದೆ. ಒಂದು ಕಾಲೇಜಿನ ಕೊನೆಯ ಸೀಟು ಯಾವ ರ್‍ಯಾಂಕಿಗೆ ಹೋಯಿತೋ ಅದೇ ಆ ವರ್ಷದ ಕಟ್ ಆಫ್ ಎಂದು ಪತ್ರಿಕೆಗಳಲ್ಲಿ ಬರುತ್ತದೆ. ನ್ಯೂಯಾರ್ಕಿನಲ್ಲಿಯೂ ಅಷ್ಟೇ. ಎಲ್ಲ ಮಕ್ಕಳನ್ನೂ ಸ್ಕೋರಿನ ಇಳಿಕೆ ಕ್ರಮದಲ್ಲಿ ನಿಲ್ಲಿಸಿ, ಮೇಲಿನಿಂದ ಒಬ್ಬೊಬ್ಬರ ಪಟ್ಟಿಯನ್ನು ತೆರೆದು, ಅವರ ಆಯ್ಕೆಗಳಲ್ಲಿ ಇನ್ನೂ ಸೀಟು ಉಳಿದಿರುವ ಮೊದಲನೆಯ ಶಾಲೆಯನ್ನು ಕೊಡುತ್ತಾರೆ. ಒಂದು ಶಾಲೆಯ ಸೀಟುಗಳೆಲ್ಲ ಮುಗಿದಾಗ ಕೊನೆಗೆ ಸೇರಿದ ಮಗುವಿನ ಸ್ಕೋರ್ ಆ ಶಾಲೆಯ ಕಟ್ ಆಫ್ ಎನಿಸಿಕೊಳ್ಳುತ್ತದೆ. ಅದು ಹಂಚಿಕೆ ಮುಗಿದ ಮೇಲೆ ಉಳಿಯುವ ಗುರುತು. ಹಂಚಿಕೆಗೆ ಮುಂಚೆ ಎಲ್ಲಿಯೂ ಇರುವುದಿಲ್ಲ.

ಇತ್ತೀಚಿನ ವರ್ಷಗಳಲ್ಲಿ ಆ ಗುರುತು ಸ್ಟೈವೆಸೆಂಟ್‌ಗೆ 560ರ ಆಸುಪಾಸಿನಲ್ಲಿ, ಬ್ರಾಂಕ್ಸ್ ಸೈನ್ಸ್‌ಗೆ 520ರ ಆಸುಪಾಸಿನಲ್ಲಿ, ಬ್ರೂಕ್ಲಿನ್ ಟೆಕ್‌ಗೆ 500ರ ಆಸುಪಾಸಿನಲ್ಲಿ ಬಿದ್ದಿದೆ. ವರ್ಷದಿಂದ ವರ್ಷಕ್ಕೆ ಹಲವು ಅಂಕಗಳಷ್ಟು ಅತ್ತಿತ್ತ ಆಗುತ್ತದೆ. ಇದನ್ನು ಶಾಲೆಗಳ ಗುಣಮಟ್ಟದ ಕೋಷ್ಟಕವೆಂದು ಓದುವುದು ನಮ್ಮವರಲ್ಲಿ ಬಹಳ ಸಾಮಾನ್ಯವಾದ ತಪ್ಪು. ಬ್ರೂಕ್ಲಿನ್ ಟೆಕ್ ಬಹು ದೊಡ್ಡ ಶಾಲೆ. ಸ್ಟೈವೆಸೆಂಟ್ ವರ್ಷಕ್ಕೆ ಏಳೆಂಟು ನೂರು ಮಕ್ಕಳಿಗೆ ಸೀಟು ಕೊಟ್ಟರೆ ಇದು ಸರಿಸುಮಾರು ಅದರ ಎರಡರಷ್ಟು ಮಕ್ಕಳಿಗೆ ಕೊಡುತ್ತದೆ. ಸೀಟು ಹೆಚ್ಚಾದಷ್ಟೂ ಕೊನೆಯ ಸೀಟು ಕೆಳಗಿನ ಸ್ಕೋರಿಗೆ ಹೋಗುವುದು ಸಹಜ. ಕ್ವೀನ್ಸ್‌ನ ಯಾರ್ಕ್ ಕಾಲೇಜಿನ ಶಾಲೆ ಹೆಸರಿನಲ್ಲಿ ಅಷ್ಟು ಪ್ರಸಿದ್ಧವಲ್ಲದಿದ್ದರೂ ಸೀಟುಗಳು ಬಹಳ ಕಡಿಮೆಯಾದ್ದರಿಂದ ಅದರ ಕಟ್ ಆಫ್ ಬ್ರೂಕ್ಲಿನ್ ಟೆಕ್‌ಗಿಂತ ಮೇಲಿರುವುದುಂಟು.

ಇಷ್ಟು ತಿಳಿದ ಮೇಲೆ ನಿಮ್ಮ ಯಜಮಾನರ ಆತಂಕಕ್ಕೆ ಆಧಾರವಿಲ್ಲ ಎಂಬುದು ಕಾಣಿಸುತ್ತದೆ. ಮಗನ ಸ್ಕೋರ್ 515 ಎಂದೇ ಇಟ್ಟುಕೊಳ್ಳಿ. ಪಟ್ಟಿಯಲ್ಲಿ ಸ್ಟೈವೆಸೆಂಟ್ ಮೊದಲು, ಬ್ರೂಕ್ಲಿನ್ ಟೆಕ್ ಎರಡನೆಯದು. ಅವನ ಸರದಿ ಬರುವ ಹೊತ್ತಿಗೆ ಸ್ಟೈವೆಸೆಂಟ್ ತುಂಬಿರುತ್ತದೆ. ಕೂಡಲೇ ಎರಡನೆಯ ಆಯ್ಕೆಯನ್ನು ನೋಡುತ್ತಾರೆ. ಅಲ್ಲಿ ಸೀಟಿದ್ದರೆ ಸಿಗುತ್ತದೆ. ಅವನಿಗಿಂತ ಕಡಿಮೆ ಸ್ಕೋರಿನ ಮಗು ಬ್ರೂಕ್ಲಿನ್ ಟೆಕ್ ಅನ್ನು ಮೊದಲ ಆಯ್ಕೆಯಾಗಿ ಬರೆದಿದ್ದರೂ ಅದರ ಸರದಿ ಇವನ ನಂತರವೇ. ಮೊದಲು ಬರೆದವರಿಗೆ ಮೊದಲ ಮಣೆ ಎಂಬ ನಿಯಮ ಇಲ್ಲಿಲ್ಲ. ಎತ್ತರದ ಶಾಲೆಯನ್ನು ಮೇಲೆ ಬರೆದರೆ ನಷ್ಟವಿಲ್ಲ. ಆದರೆ ಅದಕ್ಕೆ ತದ್ವಿರುದ್ಧವಾದದ್ದರಲ್ಲಿ ನಷ್ಟವಿದೆ: ಭದ್ರವಾಗಿರಲಿ ಎಂದು ಬ್ರೂಕ್ಲಿನ್ ಟೆಕ್ ಅನ್ನು ಮೊದಲು ಬರೆದು, ಪರೀಕ್ಷೆಯ ದಿನ ಹುಡುಗ ಚೆನ್ನಾಗಿ ಮಾಡಿ 570 ತೆಗೆದರೆ, ಅವನಿಗೆ ಸಿಗುವುದು ಬ್ರೂಕ್ಲಿನ್ ಟೆಕ್ಕೇ, ಕೆಳಗೆ ಬರೆದ ಸ್ಟೈವೆಸೆಂಟ್‌ವರೆಗೆ ಯಾರೂ ಹೋಗುವುದಿಲ್ಲ.

ಆದ್ದರಿಂದ ಆದ್ಯತೆಯ ಪಟ್ಟಿಯನ್ನು ಕಟ್ ಆಫ್ ನೋಡಿ ಬರೆಯಬೇಡಿ. ಮಗ ದಿನಾ ಹೋಗಿಬರಬೇಕಾದ ದಾರಿಯನ್ನು ನೋಡಿ. ಕ್ವೀನ್ಸ್‌ನ ಪೂರ್ವ ಭಾಗದಲ್ಲಿ ನಿಮ್ಮ ಮನೆಯಿದ್ದರೆ ಮ್ಯಾನ್‌ಹಟನ್ನಿನ ದಕ್ಷಿಣ ತುದಿಯಲ್ಲಿರುವ ಸ್ಟೈವೆಸೆಂಟ್‌ಗೆ ಒಂದು ಗಂಟೆಯ ಮೇಲಾಗುತ್ತದೆ, ಬ್ರಾಂಕ್ಸ್ ಸೈನ್ಸ್‌ಗೆ ಇನ್ನೂ ಹೆಚ್ಚು. ಯಾರ್ಕ್ ಕಾಲೇಜು ಕ್ವೀನ್ಸ್‌ನ ಜಮೈಕಾ ಎಂಬ ಬಡಾವಣೆಯಲ್ಲೇ ಇದೆ. ಬ್ರೂಕ್ಲಿನ್ ಲ್ಯಾಟಿನ್‌ನಲ್ಲಿ ನಾಲ್ಕು ವರ್ಷವೂ ಲ್ಯಾಟಿನ್ ಕಲಿಯಬೇಕು. ಲೀಮನ್ ಕಾಲೇಜಿನ ಶಾಲೆಯಲ್ಲಿ ಇತಿಹಾಸಕ್ಕೆ ಒತ್ತು. ಹುಡುಗನನ್ನು ಕರೆದುಕೊಂಡು ಹೋಗಿ ತೋರಿಸಿ, ಅವನು ನಿಜವಾಗಿ ಇಷ್ಟಪಡುವ ಕ್ರಮದಲ್ಲಿಯೇ ಬರೆಯಿರಿ, ಯಾವ ಕಾರಣಕ್ಕೂ ಸೇರಲೊಲ್ಲದ ಶಾಲೆಯನ್ನು ಪಟ್ಟಿಯಿಂದ ಬಿಟ್ಟುಬಿಡಿ.

ನೀವು ಕೇಳದಿದ್ದರೂ ಹೇಳಲೇಬೇಕಾದದ್ದೊಂದಿದೆ. ಯಾವ ಪರೀಕ್ಷೆಯ ಸ್ಕೋರಿಗೂ ಅಳತೆಯ ದೋಷ ಎಂಬುದು ಇದ್ದೇ ಇರುತ್ತದೆ. ನಿಮ್ಮ ಮಗ ಇದೇ ಸಿದ್ಧತೆಯೊಂದಿಗೆ ಮುಂದಿನ ಶನಿವಾರ ಇನ್ನೊಂದು ಆವೃತ್ತಿಯನ್ನು ಬರೆದರೆ ಇಂಗ್ಲಿಷ್‌ನಲ್ಲಿ ಎರಡು, ಗಣಿತದಲ್ಲಿ ಎರಡು ಪ್ರಶ್ನೆ ಹೆಚ್ಚೋ ಕಡಿಮೆಯೋ ಆಗುವುದು ತೀರ ಸಾಮಾನ್ಯ. ಓದಲು ಕೊಟ್ಟ ಗದ್ಯಭಾಗ ಅವನಿಗೆ ಪರಿಚಿತವಾದ ವಿಷಯದ್ದೋ ಅಲ್ಲವೋ ಎಂಬುದರಿಂದಲೇ ಅಷ್ಟು ವ್ಯತ್ಯಾಸವಾಗುತ್ತದೆ. ನಿಮ್ಮ ಪಟ್ಟಿಯ ಪ್ರಕಾರ ಆ ನಾಲ್ಕು ಪ್ರಶ್ನೆಗಳೆಂದರೆ ಇಪ್ಪತ್ತರಿಂದ ಇಪ್ಪತ್ತೈದು ಅಂಕ. ಹಾಗಿರುವಾಗ 515 ಎಂಬುದನ್ನು 490ರಿಂದ 540ರ ನಡುವೆ ಎಲ್ಲೋ ಎಂದು ಓದುವುದು ಹೆಚ್ಚು ಪ್ರಾಮಾಣಿಕ. ಆ ಹುಡುಗಿಯ 534 ಮತ್ತು ಇವನ 515ರ ನಡುವಿನ ಅಂತರ ಒಂದು ಮಾಕ್ ಟೆಸ್ಟಿನ ಆಧಾರದ ಮೇಲೆ ಏನನ್ನೂ ಸಾಬೀತುಪಡಿಸುವುದಿಲ್ಲ. ಇಬ್ಬರನ್ನೂ ಹೋಲಿಸಿ ಮನೆಯಲ್ಲಿ ಮಾತಾಡದಿರುವುದು ಲೇಸು. ಹಂಚಿಕೆಯ ಯಂತ್ರ ಮಾತ್ರ ಈ ಸೂಕ್ಷ್ಮವನ್ನು ನೋಡುವುದಿಲ್ಲ. ಅದಕ್ಕೆ 519 ಎಂದರೆ 519, 520 ಎಂದರೆ 520. ಗೆರೆಯ ಆಚೀಚೆ ಐದಾರು ಅಂಕಗಳ ಅಂತರದಲ್ಲಿರುವ ಮಕ್ಕಳಲ್ಲಿ ಯಾರು ಹೆಚ್ಚು ಜಾಣರು ಎಂದು ಈ ಪರೀಕ್ಷೆ ಹೇಳಲಾರದು, ಸೀಟು ಯಾರಿಗೆ ಎಂದು ಮಾತ್ರ ಹೇಳುತ್ತದೆ.

ಸೆಂಟರಿನ ಪಟ್ಟಿಯನ್ನು ಅತಿಯಾಗಿ ನಂಬಬಾರದೆನ್ನುವುದಕ್ಕೆ ಈ ವರ್ಷ ಇನ್ನೊಂದು ಕಾರಣವೂ ಇದೆ. 2025ರ ಶರತ್ಕಾಲದಿಂದ ಪರೀಕ್ಷೆ ಕಾಗದ ಬಿಟ್ಟು ಕಂಪ್ಯೂಟರಿಗೆ ಬಂದಿದೆ, ಮತ್ತು 2026ರಿಂದ ಅದನ್ನು ಅಡಾಪ್ಟಿವ್ ಮಾಡುವುದಾಗಿ ನಗರದ ಶಿಕ್ಷಣ ಇಲಾಖೆ ಪ್ರಕಟಿಸಿದೆ. ಅಡಾಪ್ಟಿವ್ ಪರೀಕ್ಷೆಯಲ್ಲಿ ಮಗು ಕೊಡುತ್ತ ಹೋಗುವ ಉತ್ತರಗಳಿಗೆ ತಕ್ಕಂತೆ ಮುಂದಿನ ಪ್ರಶ್ನೆಗಳ ಕಾಠಿಣ್ಯ ಬದಲಾಗುತ್ತದೆ. ಸರಿ ಉತ್ತರಿಸಿದವರಿಗೆ ಕಠಿಣ ಪ್ರಶ್ನೆ, ತಪ್ಪಿದವರಿಗೆ ತುಸು ಸುಲಭದ್ದು. ಅಲ್ಲಿ ಎಷ್ಟು ಸರಿ ಎಂಬುದಕ್ಕಿಂತ ಯಾವ ಮಟ್ಟದ ಪ್ರಶ್ನೆಗಳು ಸರಿ ಎಂಬುದೇ ಸ್ಕೋರನ್ನು ನಿರ್ಧರಿಸುತ್ತದೆ. ಇಬ್ಬರಿಗೂ 30 ಸರಿ ಬಂದು ಸ್ಕೋರುಗಳ ನಡುವೆ ಬಹಳ ಅಂತರ ಬೀಳಬಹುದು. 36ಕ್ಕೆ 242 ಎಂಬಂಥ ಸಾಲುಸಾಲಾದ ಪಟ್ಟಿ ಆಗ ಕೆಲಸಕ್ಕೆ ಬಾರದು. ಪ್ರಶ್ನೆಗಳು ಒಂದರ ಮೇಲೊಂದು ಕಷ್ಟವಾಗುತ್ತಾ ಹೋದರೆ ಹೆದರಬಾರದು, ಚೆನ್ನಾಗಿ ಮಾಡುತ್ತಿರುವ ಮಗುವಿಗೆ ಅನುಭವವಾಗುವುದೇ ಹಾಗೆ ಎಂದು ಹುಡುಗನಿಗೆ ಈಗಲೇ ಹೇಳಿಡಿ. ಅಭ್ಯಾಸಕ್ಕೆ ಇಲಾಖೆಯೇ ಉಚಿತವಾಗಿ ಒದಗಿಸುವ ಕೈಪಿಡಿ ಮತ್ತು ಮಾದರಿ ಪರೀಕ್ಷೆಗಳನ್ನು ಮೊದಲು ಮುಗಿಸಿ, ದುಡ್ಡು ಕೊಟ್ಟು ಕೊಂಡವನ್ನು ಆಮೇಲೆ ನೋಡಿ.

ಸ್ಕೋರ್ ಗೆರೆಯಿಂದ ಸ್ವಲ್ಪ ಕೆಳಗೆ ಬಿದ್ದರೆ ಡಿಸ್ಕವರಿ ಎಂಬ ಬೇಸಿಗೆ ಕಾರ್ಯಕ್ರಮದ ಮೂಲಕ ಸೀಟು ಪಡೆಯುವ ದಾರಿಯೊಂದಿದೆ, ಆದರೆ ಅದು ಕಡಿಮೆ ಆದಾಯದ ಕುಟುಂಬಗಳ ಮತ್ತು ಬಡತನ ಹೆಚ್ಚಿರುವ ಶಾಲೆಗಳ ಮಕ್ಕಳಿಗೆ ಮೀಸಲು. ನಿಮಗೆ ಅನ್ವಯಿಸುತ್ತದೆಯೇ ಎಂದು ಮಗನ ಶಾಲೆಯ ಕೌನ್ಸೆಲರನ್ನು ಕೇಳಿ. ಒಂಬತ್ತನೆಯ ತರಗತಿಯಲ್ಲಿ ಮತ್ತೊಮ್ಮೆ ಪರೀಕ್ಷೆ ಬರೆದು ಹತ್ತನೆಯದಕ್ಕೆ ಸೇರಬಹುದು, ಸೀಟುಗಳು ಬೆರಳೆಣಿಕೆಯಷ್ಟೇ. ನ್ಯೂಜೆರ್ಸಿಯಲ್ಲಿರುವ ಬಂಧುಗಳ ಮಕ್ಕಳ ಸ್ಕೋರಿನೊಂದಿಗೆ ಇದನ್ನು ಹೋಲಿಸಲು ಹೋಗಬೇಡಿ. ಈ ಪರೀಕ್ಷೆ ನ್ಯೂಯಾರ್ಕ್ ನಗರದ ನಿವಾಸಿಗಳಿಗೆ ಮಾತ್ರ, ನ್ಯೂಜೆರ್ಸಿಯ ಕೌಂಟಿ (ಜಿಲ್ಲಾ) ಅಕಾಡೆಮಿಗಳೆಂಬ ಪ್ರೌಢಶಾಲೆಗಳ ಪರೀಕ್ಷೆಗಳ ಅಳತೆಗೋಲೇ ಬೇರೆ.

ಉಳಿದದ್ದು ಅತ್ತೆಯವರ ಪ್ರಶ್ನೆ. ವರ್ಷಕ್ಕೆ ಸುಮಾರು 26 ಸಾವಿರ ಮಕ್ಕಳು ಈ ಪರೀಕ್ಷೆ ಬರೆಯುತ್ತಾರೆ, ಸುಮಾರು 4 ಸಾವಿರ ಮಕ್ಕಳಿಗೆ ಎಂಟರಲ್ಲಿ ಒಂದು ಶಾಲೆ ಸಿಗುತ್ತದೆ. ಆರರಲ್ಲಿ ಒಬ್ಬರಿಗಿಂತ ತುಸು ಕಡಿಮೆ. ಮೊಮ್ಮಗ ಸದ್ಯ ಆ ಗುಂಪಿನ ಅಂಚಿನೊಳಗೇ ನಿಂತಿದ್ದಾನೆ ಎಂದು ಹೇಳಿ. ಪರ್ಸೆಂಟೇ ಬೇಕೆಂದು ಪಟ್ಟುಹಿಡಿದರೆ, ಇದು ಇನ್ನೂ ಮಾಕ್ ಟೆಸ್ಟು, ಸೀಟು ಹಂಚಿಕೆ ಆಗುವುದು ಮಾರ್ಚ್‌ನಲ್ಲಿ ಎಂದು ತಿಳಿಸಿ.